ಫೈನಾನ್ಸ್ ಮುಳುಗಿತು, ಈಗ ಯಾವ ಕೋರ್ಟಿಗೆ ಹೋಗೋದು?

ಫೈನಾನ್ಸಿನಲ್ಲಿ ದುಡ್ಡಿಟ್ಟವರ ಮನೆಯಲ್ಲಿ ಒಂದು ಬಾಂಡು ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಕವರು, ಮೂಲೆಯಲ್ಲಿ ರೌಂಡ್ ಸೀಲು, ಅಸಲು ಇಷ್ಟು, ಬಡ್ಡಿ ಇಷ್ಟು, ವಾಯಿದೆ ಇಂಥ ದಿನ. ಬೀರುವಿನಲ್ಲಿ ಒಡವೆ ಪಕ್ಕದಲ್ಲೇ ಅದರ ಜಾಗ. ಕಂಪನಿಗೆ ಬೀಗ ಬಿದ್ದ ದಿನ ಅದನ್ನು ಹಿಡಿದುಕೊಂಡು ಎಲ್ಲಿಗೆ ಓಡಬೇಕು?

ಮೊದಲೆಲ್ಲ ಇದು ಬರೀ ಕೊಟ್ಟು-ತಗೊಂಡ ಲೆಕ್ಕ. ಕಾನೂನು ನೇರವಾಗಿಯೋ ಪರೋಕ್ಷವಾಗಿಯೋ ತಡೆಯದಿದ್ದರೆ ಎಲ್ಲ ಸಿವಿಲ್ ವ್ಯಾಜ್ಯವನ್ನೂ ಸಿವಿಲ್ ಕೋರ್ಟು ಕೇಳಬೇಕು ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಸೆಕ್ಷನ್. ಕೋರ್ಟ್ ಫೀ ಕಟ್ಟಿ ದಾವೆ ಹೂಡು, ದುಡ್ಡು ಕೊಡು ಎಂಬ ಡಿಕ್ರಿ ತಗೋ, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಹಾಕು. ಸಾಲಗಾರ ಒಬ್ಬ, ಕೇಳುವವನು ಒಬ್ಬ ಇದ್ದಾಗ ಇದು ಸಾಕು. ಸಾವಿರಾರು ಜನ ಒಂದೇ ಕಂಪನಿಯ ಬಾಗಿಲು ಬಡಿದರೆ? ಬೇಗ ವಕೀಲರನ್ನು ಹಿಡಿದವರು ಆಸ್ತಿ ಜಪ್ತಿ ಮಾಡಿಸುತ್ತಾರೆ. ಡಿಕ್ರಿ ಇಲ್ಲದವರಿಗೆ ಅದರಲ್ಲಿ ಪಾಲೂ ಇಲ್ಲ.

ಈ ಕೊರತೆ ಎದ್ದು ಕಂಡಿದ್ದು 1990ರ ದಶಕದಲ್ಲಿ. ತಮಿಳುನಾಡಿನಲ್ಲಿ ಭಾರಿ ಬಡ್ಡಿಯ ಆಸೆ ತೋರಿಸಿದ ಫೈನಾನ್ಸ್ ಕಂಪನಿಗಳು ಒಂದರ ಹಿಂದೆ ಒಂದು ಬಿದ್ದವು. 1997ರಲ್ಲಿ ಆ ರಾಜ್ಯ ಠೇವಣಿದಾರರ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ತಂದಿತು. ಸರ್ಕಾರವೇ ಆಸ್ತಿ ಜಪ್ತಿ ಮಾಡಬಹುದು, ವಿಶೇಷ ನ್ಯಾಯಾಲಯ ಅದನ್ನು ಎಲ್ಲರಿಗೂ ಹಂಚಬಹುದು. ಜೊತೆಗೊಂದು ಸಣ್ಣ ಸಾಲು: ಈ ಕಾಯ್ದೆ ಅನ್ವಯಿಸುವ ವಿಷಯದಲ್ಲಿ ಬೇರೆ ಯಾವ ಕೋರ್ಟಿಗೂ ಅಧಿಕಾರವಿಲ್ಲ. ತಲೆನೋವು ಶುರುವಾಗಿದ್ದೇ ಈ ಸಾಲಿನಿಂದ.

1999ರಲ್ಲಿ ಮಹಾರಾಷ್ಟ್ರವೂ ಇಂಥದ್ದೇ ಕಾಯ್ದೆ ಮಾಡಿತು. ಇದು ಕೇಂದ್ರದ ವ್ಯಾಪ್ತಿ, ರಾಜ್ಯಕ್ಕೇನು ಕೆಲಸ ಎಂದು 2005ರಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದುಮಾಡಿತು. ಮದ್ರಾಸ್ ಹೈಕೋರ್ಟು ಮಾತ್ರ ತಮಿಳುನಾಡಿನ ಕಾಯ್ದೆ ಸರಿ ಎಂದಿತು. ಕೊನೆಗೆ 2011ರಲ್ಲಿ ಕೆ.ಕೆ. ಭಾಸ್ಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಮಾತನ್ನೇ ಎತ್ತಿಹಿಡಿಯಿತು.

ಹಾಗಂತ ಸಿವಿಲ್ ಕೋರ್ಟಿನ ಬಾಗಿಲು ಪೂರ್ತಿ ಮುಚ್ಚಿತಾ? ಇದಕ್ಕೊಂದು ಹಳೆಯ ಅಳತೆಗೋಲು ಇದೆ, ಸುಪ್ರೀಂ ಕೋರ್ಟಿನ 1968ರ ಧೂಲಾಭಾಯಿ ತೀರ್ಪು. ಸಿವಿಲ್ ಕೋರ್ಟು ಕೊಡಬಹುದಾದ ಪರಿಹಾರವನ್ನು ವಿಶೇಷ ವ್ಯವಸ್ಥೆಯೂ ಕೊಡುತ್ತದಾ ಎಂದು ನೋಡು, ಆಮೇಲೆ ಬಾಗಿಲು ಮುಚ್ಚು ಎನ್ನುವುದು ಅದರ ಒಂದು ತಿರುಳು. ವಿಶೇಷ ನ್ಯಾಯಾಲಯ ಇರುವ ಆಸ್ತಿಯನ್ನು ಹಂಚುತ್ತದೆ. ಹಂಚಿಕೆಯಲ್ಲಿ ರೂಪಾಯಿಗೆ ನಾಲ್ಕಾಣೆ ಬಂದರೆ ಮಿಕ್ಕ ಮುಕ್ಕಾಲು ರೂಪಾಯಿ ಯಾರನ್ನು ಕೇಳಬೇಕು? ಆ ಮಿಕ್ಕ ಬಾಕಿಗೆ ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇರಬೇಕು ಎನ್ನುವುದು ವಕೀಲರ ವಾದ. ನನಗೂ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಜಪ್ತಿಯಾದ ಆಸ್ತಿಯ ಮೇಲೆ ಒಬ್ಬರೇ ಡಿಕ್ರಿ ಹಿಡಿದು ಕೈ ಹಾಕಲು ಬಿಟ್ಟರೆ ಕಾಯ್ದೆ ಇದ್ದೂ ಸುಮ್ನೆ.

ಠೇವಣಿದಾರರ ಹಿತ ಕಾಯುವ ಕರ್ನಾಟಕದ ಕಾಯ್ದೆ 2004ರದ್ದು, ಅದರ ಇಂಗ್ಲಿಷ್ ಹೆಸರನ್ನು ಚುಟುಕಾಗಿಸಿ ಜನ ಕೆಪಿಐಡಿ ಎನ್ನುತ್ತಾರೆ. ಅದರ ಹೆಸರು ಮನೆಮನೆಗೆ ಮುಟ್ಟಿದ್ದು 2019ರ ಜೂನ್‌ನಲ್ಲಿ, ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿಯ ಮಾಲೀಕ ಮನ್ಸೂರ್ ಖಾನ್ ದೇಶ ಬಿಟ್ಟಾಗ. ಶಿವಾಜಿನಗರದಲ್ಲಿ ದೂರು ಕೊಡಲು ಸಾಲು ನಿಂತವರ ಕೈಯಲ್ಲಿದ್ದ ಕಾಗದಗಳು ಆಮೇಲೆ ಸಕ್ಷಮ ಪ್ರಾಧಿಕಾರದ, ಅಂದರೆ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಯ ಮುಂದೆ ಅರ್ಜಿಗಳಾದವು. ಅದೇ ವರ್ಷ ಕೇಂದ್ರವೂ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಅದರಲ್ಲೂ ನಿಯೋಜಿತ ನ್ಯಾಯಾಲಯಕ್ಕೇ ಅಧಿಕಾರ. ಠೇವಣಿದಾರರ ಬಾಕಿಗೆ ಬೇರೆ ಸಾಲಗಳಿಗಿಂತ ಮೊದಲ ಹಕ್ಕು ಕೊಟ್ಟರೂ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯಲು ಬಿಡುವ ಸರ್ಫೇಸಿ ಕಾಯ್ದೆಗೂ ದಿವಾಳಿ ಸಂಹಿತೆಗೂ ಅದು ವಿನಾಯಿತಿ ಇಟ್ಟಿತು. ಅಂದರೆ ಆಸ್ತಿ ಬ್ಯಾಂಕಿಗೆ ಅಡವಾಗಿದ್ದರೆ ಆ ಮೊದಲ ಹಕ್ಕೂ ಗಟ್ಟಿಯಲ್ಲ.

ಇನ್ನೊಂದು ಮಾತು, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಬಾಂಡಿನ ವಾಯಿದೆ ಮುಗಿದ ದಿನದಿಂದ ಸಿವಿಲ್ ದಾವೆಗೆ ಮೂರೇ ವರ್ಷ. ಪೊಲೀಸರಿಗೆ ದೂರು ಕೊಟ್ಟ ಮಾತ್ರಕ್ಕೆ ಆ ಗಡಿಯಾರ ನಿಲ್ಲಲ್ಲ. ಬಾಕಿ ಇದೆ ಎಂದು ಕಂಪನಿ ಗಡುವಿನೊಳಗೆ ಸಹಿ ಹಾಕಿ ಬರೆದುಕೊಟ್ಟರೆ ಲೆಕ್ಕ ಹೊಸದಾಗಿ ಶುರು. ಬೀಗ ಹಾಕಿ ಓಡಿದವನು ಅಂಥ ಚೀಟಿ ಬರೆದುಕೊಡುವುದುಂಟೇ? ಇಷ್ಟೆಲ್ಲ ದಾಟಿ ಡಿಕ್ರಿ ಪಡೆದವರು ಅಮಲ್ಜಾರಿಗೆ ಹೋದಾಗ ಸೈಟು, ಕಟ್ಟಡ, ಬ್ಯಾಂಕ್ ಖಾತೆ ಎಲ್ಲವೂ ಸರ್ಕಾರದ ಜಪ್ತಿಯಲ್ಲಿರುತ್ತವೆ. ಆಮೇಲೆ ಅವರೂ ಅದೇ ಪ್ಲಾಸ್ಟಿಕ್ ಕವರು ಹಿಡಿದು ಸಕ್ಷಮ ಪ್ರಾಧಿಕಾರದ ಸಾಲಿಗೇ ಬರಬೇಕು.