ಕಂಬಳಿಹುಳದ ಹೆಸರಿನ ನೂಲು

ಮೈತುಂಬ ಮೆತ್ತನೆಯ ತುಪ್ಪಳವಿರುವ ಶೆನಿಲ್ ನೂಲಿನ ಗೇಣುದ್ದದ ತುಂಡೊಂದನ್ನು ಎರಡೂ ತುದಿಯಲ್ಲಿ ಹಿಡಿದು, ಹುರಿ ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ ನೋಡಿ. ಮೊದಲು ಏನೂ ಆಗುವುದಿಲ್ಲ. ಹುರಿ ಸಡಿಲವಾದಂತೆ ಪುಟ್ಟ ಪುಟ್ಟ ಎಳೆಗಳು ಮಡಿಲಿಗೆ ಉದುರುತ್ತವೆ. ಕೊನೆಗೆ ಕೈಯಲ್ಲಿ ಉಳಿಯುವುದು ಎರಡು ಬೋಳು ದಾರ.

ಈ ನೂಲಿನ ಗುಟ್ಟು ಇಷ್ಟೇ. ಮೈಮೇಲಿನ ಮೆತ್ತನೆಯ ತುಪ್ಪಳವನ್ನು ಯಾರೂ ಹೊಲಿದಿಲ್ಲ, ಗಂಟು ಹಾಕಿಲ್ಲ. ಎರಡು ದಾರಗಳು ಒಂದಕ್ಕೊಂದು ಸುತ್ತಿಕೊಂಡು ನಡುವೆ ಅದನ್ನು ಅಮುಕಿ ಹಿಡಿದಿವೆ. ಮಲ್ಲಿಗೆ ಕಟ್ಟುವವರು ಹೂವು ಇಟ್ಟ ಕಡೆಯಲ್ಲೆಲ್ಲ ಒಂದು ಕುಣಿಕೆ ಹಾಕಿ ಬಿಗಿಯುತ್ತಾರೆ ಅಲ್ವಾ? ಇಲ್ಲಿ ಆ ಕುಣಿಕೆಯೇ ಇಲ್ಲ.

ಫ್ರೆಂಚ್ ಭಾಷೆಯಲ್ಲಿ ಶೆನಿಲ್ ಅಂದರೆ ಕಂಬಳಿಹುಳ. ನಾವು ಕಂಬಳಿ ನೋಡಿ ಹುಳಕ್ಕೆ ಹೆಸರಿಟ್ಟೆವು, ಅವರು ಹುಳ ನೋಡಿ ನೂಲಿಗೆ ಹೆಸರಿಟ್ಟರು. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಮೊದಲೆಲ್ಲ ಈ ನೂಲನ್ನು ಮಗ್ಗದಲ್ಲೇ ಮಾಡುತ್ತಿದ್ದರು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನಲ್ಲಿ ಇಂಥ ನೂಲಿನ ಶಾಲುಗಳು ಬಂದವು. 1839ರಲ್ಲಿ ಅಲ್ಲಿನ ಜೇಮ್ಸ್ ಟೆಂಪಲ್ಟನ್ ಮತ್ತು ವಿಲಿಯಂ ಕ್ವಿಗ್ಲಿ ಇದೇ ವಿಧಾನದಲ್ಲಿ ರತ್ನಗಂಬಳಿ ನೇಯುವುದಕ್ಕೆ ಪೇಟೆಂಟ್ ಪಡೆದರು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ದಾರಗಳನ್ನು ಸಣ್ಣ ಗುಂಪುಗಳಾಗಿ, ನಡುವೆ ಜಾಗ ಬಿಟ್ಟು ಹೂಡುತ್ತಿದ್ದರು. ಬಟ್ಟೆ ನೇಯ್ದಾದ ಮೇಲೆ ಆ ಖಾಲಿ ಜಾಗದಲ್ಲಿ ಉದ್ದಕ್ಕೆ ಕತ್ತರಿಸಿದರೆ ಪಟ್ಟಿ ಪಟ್ಟಿಯಾಗಿ ಶೆನಿಲ್ ಸಿಗುತ್ತಿತ್ತು. ಅದನ್ನು ಹೊಕ್ಕಾಗಿ, ಅಂದರೆ ಅಡ್ಡ ದಾರವಾಗಿ ಹಾಕಿ ಮತ್ತೊಮ್ಮೆ ನೇಯುತ್ತಿದ್ದರು. ಒಂದು ಕಂಬಳಿಗೆ ಎರಡು ನೇಯ್ಗೆ!

ಈಗ ಆ ಕೆಲಸವೆಲ್ಲ ಒಂದೇ ಯಂತ್ರದ್ದು. ತಿರುಗುವ ತಲೆಯೊಂದು ತುಪ್ಪಳದ ದಾರವನ್ನು ಚಪ್ಪಟೆ ಲೋಹದ ಅಚ್ಚಿನ ಮೇಲೆ ಸುತ್ತುತ್ತಾ ಹೋಗುತ್ತದೆ. ಸುತ್ತುಗಳು ಕೆಳಗೆ ಜಾರಿ ಬರುತ್ತವೆ, ಬ್ಲೇಡು ಅವನ್ನು ಕತ್ತರಿಸುತ್ತದೆ. ಅಷ್ಟರಲ್ಲಿ ಆಚೆಯಿಂದ ಒಂದು, ಈಚೆಯಿಂದ ಒಂದು ದಾರ ಬಂದು ತುಂಡುಗಳನ್ನು ಹಿಡಿದುಕೊಳ್ಳುತ್ತವೆ. ಕೆಳಗಿನ ಕದಿರು ಹುರಿ ಹಾಕುತ್ತದೆ. ತುಪ್ಪಳ ಎಷ್ಟು ಉದ್ದ ಅನ್ನುವುದು ಅಚ್ಚಿನ ಅಗಲಕ್ಕೆ ಬಿಟ್ಟದ್ದು. ಎಷ್ಟು ದಟ್ಟ ಅನ್ನುವುದು ತಲೆಯ ವೇಗಕ್ಕೆ ಬಿಟ್ಟದ್ದು.

ನಮ್ಮ ಮನೆಯ ಸೋಫಾಕ್ಕೆ ಹಾಕಿಸಿದ್ದ ಶೆನಿಲ್ ಬಟ್ಟೆ ವರ್ಷ ತುಂಬುವ ಮೊದಲೇ ಕೈ ಇಡುವ ಜಾಗದಲ್ಲಿ ಬೋಳಾಯಿತು. ದಿನಾ ಗುಡಿಸುವಾಗ ಕಂದು ಬಣ್ಣದ ನವಿರು ಧೂಳು ಸಿಗುತ್ತಿತ್ತು. ಬಟ್ಟೆ ಹರಿದಿರಲಿಲ್ಲ. ನಡುವಿನ ದಾರಗಳು ಗಟ್ಟಿಯಾಗಿಯೇ ಇದ್ದವು. ಹಿಡಿತ ಮಾತ್ರ ಸೋತಿತ್ತು.

ಇಲ್ಲಿ ಮುಖ್ಯ ಹುರಿಯೇ. ಮೀಟರಿಗೆ 700–800 ಸುತ್ತು ಹುರಿ ಹಾಕಿದ ಶೆನಿಲ್ ಕೂಡ ಉಂಟು. ಸುತ್ತು ಕಡಿಮೆಯಾದರೆ ನೂಲು ಉಬ್ಬಿ ಮೆತ್ತಗಿರುತ್ತದೆ, ಆದರೆ ಉಜ್ಜಿದರೆ ಉದುರುತ್ತದೆ. ಹಾಗಂತ ಹುರಿಯನ್ನು ಸುಮ್ನೆ ಜಾಸ್ತಿ ಮಾಡುವಂತಿಲ್ಲ. ನೂಲು ಬಿರುಸಾಗುತ್ತದೆ, ತನ್ನಷ್ಟಕ್ಕೇ ತಿರುಚಿಕೊಳ್ಳತೊಡಗುತ್ತದೆ. ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವವರಿಗೆ ಇದು ಗೊತ್ತು. ಹೆಣಿಗೆ ಸಡಿಲವಿದ್ದರೆ ಅಲ್ಲಲ್ಲಿ ನೂಲು ಹುಳದ ಹಾಗೆ ಹೊರಗೆ ಇಣುಕುತ್ತದೆ.

ಉದುರುವುದನ್ನು ತಡೆಯಲು ಗಿರಣಿಗಳು ಕಂಡುಕೊಂಡ ಉಪಾಯ ಚೆನ್ನಾಗಿದೆ. ಸಾಮಾನ್ಯ ನೈಲಾನ್ ಕರಗಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ಹಬೆಯ ಬಿಸಿಗೇ ಕರಗುವ ಬೇರೆ ಬಗೆಯ ನೈಲಾನ್ ಉಂಟು. ಅದರ ತೆಳು ಎಳೆಯೊಂದನ್ನು ನಡುವಿನ ದಾರದ ಜೊತೆ ಸೇರಿಸುತ್ತಾರೆ. ಆಮೇಲೆ ನೂಲನ್ನು ಹಬೆಯಲ್ಲಿಟ್ಟರೆ ಅದು ಕರಗಿ ತುಪ್ಪಳದ ಬುಡಕ್ಕೆ ಅಂಟಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ತುಪ್ಪಳ ಯಾವುದರದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ರೇಷ್ಮೆಯಂತೆ ಹೊಳೆಯುತ್ತದೆ, ಆದರೆ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್‌ಗೆ ನೀರಿನ ಭಯ ಇಲ್ಲ.

ಈಗ ನಾನು ಅಂಗಡಿಯಲ್ಲಿ ಶೆನಿಲ್ ಬಟ್ಟೆ ನೋಡಿದರೆ ಅಂಗೈಯಿಂದ ಸವರಿ ಸುಮ್ಮನಾಗುವುದಿಲ್ಲ. ಅಂಚಿನಿಂದ ಒಂದು ಎಳೆ ಎಳೆದುಕೊಂಡು, ಎರಡು ಉಗುರಿನ ನಡುವೆ ಹಿಡಿದು ಜಗ್ಗುತ್ತೇನೆ. ಉಗುರಿನಲ್ಲಿ ತುಪ್ಪಳ ಉಳಿದರೆ ಬಟ್ಟೆಯನ್ನು ಮಡಿಚಿ ವಾಪಸ್ ಕೊಡುತ್ತೇನೆ.