ನಮ್ಮ ಶಾಸಕರು ಸದನದಲ್ಲಿ ಏನು ಮಾಡಿದರು, ತಿಳಿಯೋದು ಹೇಗೆ?

ಪ್ರಶ್ನೆ: ನಮ್ಮ ಶಾಸಕರು ಎಷ್ಟು ದಿನ ಸದನಕ್ಕೆ ಹೋದರು, ಯಾವ ಮಸೂದೆಗೆ ಮತ ಹಾಕಿದರು, ಅವರ ಬೇರೆ ವ್ಯವಹಾರಗಳೇನು ಅಂತ ಚಳ್ಳಕೆರೆಯಲ್ಲೇ ಕೂತು ತಿಳಿಯಬಹುದಾ?

ಹಾಜರಿ, ವ್ಯವಹಾರ ಎರಡನ್ನೂ ತಿಳಿಯಬಹುದು. ಮತದ ಲೆಕ್ಕ ಮಾತ್ರ ಸಿಗುವುದು ಕಷ್ಟ. ವಿಧಾನಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾಗುತ್ತವೆ. ‘ಹೌದು’ ಎಂದ ದನಿಗಳಲ್ಲಿ ನಿಮ್ಮ ಶಾಸಕರದೂ ಇತ್ತೇ ಎಂದು ಯಾರೂ ಬರೆದಿಡುವುದಿಲ್ಲ. ಪಟ್ಟು ಹಿಡಿದು ಮತ ವಿಭಜನೆ (ಪರ, ವಿರೋಧ ಮತಗಳ ಎಣಿಕೆ) ಕೇಳಿದಾಗ ಲೆಕ್ಕ ಸಿಗುತ್ತದೆ, ಆದರೆ ಅದು ಅಪರೂಪ. ಆಗಲೂ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವಕ್ಕೇ ಸಂಚಕಾರ. ಹಾಗಾಗಿ ಆ ಮತ ಪಕ್ಷದ ನಿಲುವನ್ನು ಹೇಳುತ್ತದೆಯೇ ಹೊರತು ಶಾಸಕರ ಮನಸ್ಸನ್ನಲ್ಲ. ಕಾನೂನು ಮಾಡಲೆಂದೇ ಕಳಿಸಿದವರ ಮತ ನಮಗೇ ಗೊತ್ತಾಗದಿರುವುದು ದೊಡ್ಡ ಕೊರತೆ ಎಂದೇ ನನ್ನ ಭಾವನೆ.

ಹಾಜರಿಗೆ ವಿಧಾನಸಭೆ ಸಚಿವಾಲಯದ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಇಂಥ ಅಧಿವೇಶನ, ಇಂಥ ಕ್ಷೇತ್ರದ ಸದಸ್ಯರ ದಿನವಾರು ಹಾಜರಿ’ ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಸಂಸದರದಾದರೆ ಅರ್ಜಿಯೂ ಬೇಡ, ಲೋಕಸಭೆಯ ಜಾಲತಾಣದಲ್ಲೇ ಇರುತ್ತದೆ.

ಆದರೆ ಸಹಿ ಹಾಕಿದವರೆಲ್ಲ ಬಾಯಿ ತೆರೆದರು ಎಂದಲ್ಲ. ನಾನು ಹಾಜರಿಗಿಂತ ಮೊದಲು ಪ್ರಶ್ನೋತ್ತರ ನೋಡುತ್ತೇನೆ. ವಿಧಾನಸಭೆ ಜಾಲತಾಣದಲ್ಲಿ ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರ ಕೇಳುವ) ಮತ್ತು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಕೇಳುವ) ಪ್ರಶ್ನೆಗಳು, ಸಚಿವರ ಉತ್ತರಗಳು ಕನ್ನಡದಲ್ಲೇ ಇವೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ 2023-24ರ ಕೇಂದ್ರ ಬಜೆಟ್ ಹೇಳಿತ್ತು. ಆಮೇಲೆ ನಮ್ಮ ಚಿತ್ರದುರ್ಗ ಜಿಲ್ಲೆಯ ಆರು ಶಾಸಕರಲ್ಲಿ ಯಾರು ಆ ಬಗ್ಗೆ ಪ್ರಶ್ನೆ ಕೇಳಿದರು, ಯಾರು ಬರೀ ವರ್ಗಾವಣೆ, ಕಟ್ಟಡ ಎಂದೇ ಕೇಳಿದರು, ಹುಡುಕಿ. ಸಚಿವರ ಲಿಖಿತ ಉತ್ತರವನ್ನು ಇಟ್ಟುಕೊಳ್ಳಿ. ಕಾಲುವೆ ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು ಎಂದು ಅಧಿಕಾರಿಗಳನ್ನು ಕೇಳುವಾಗ ಅದು ಕೆಲಸಕ್ಕೆ ಬರುತ್ತದೆ.

ಇನ್ನು ವ್ಯವಹಾರ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಅದರಲ್ಲಿ ಅಭ್ಯರ್ಥಿಯ, ಸಂಗಾತಿಯ, ಅವಲಂಬಿತರ ಆಸ್ತಿ, ಸಾಲ ಇರುತ್ತವೆ. ಅಭ್ಯರ್ಥಿಯ ಮೇಲಿನ ಮೊಕದ್ದಮೆಗಳೂ ಇರುತ್ತವೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆದಾಯದ ಮೂಲ ಮತ್ತು ಸರ್ಕಾರಿ ಗುತ್ತಿಗೆಗಳನ್ನೂ ಬರೆಯಬೇಕು. ಪಾಲುದಾರಿಕೆ ಸಂಸ್ಥೆ, ಟ್ರಸ್ಟ್, ಖಾಸಗಿ ಕಂಪನಿಯ ಹೆಸರಲ್ಲಿದ್ದ ಗುತ್ತಿಗೆಯೂ ಇದರೊಳಗೆ ಬರುತ್ತದೆ. ಎರಡೂ ಸಲ ನಿಂತವರಾದರೆ 2018 ಮತ್ತು 2023ರ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ಆಸ್ತಿಯ ಒಟ್ಟು ಮೊತ್ತಕ್ಕಿಂತ ಹೊಸದಾಗಿ ಸೇರಿದ ಜಮೀನು, ಷೇರು, ಸಾಲ ಕೊಟ್ಟವರ ಹೆಸರು ಹೆಚ್ಚು ಹೇಳುತ್ತವೆ.

ಎರಡು ಚುನಾವಣೆಗಳ ನಡುವಿನ ಲೆಕ್ಕ ಲೋಕಾಯುಕ್ತದಲ್ಲಿರುತ್ತದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ, ಸಾಲದ ವಿವರ ಸಲ್ಲಿಸಬೇಕು. ಎಚ್ಚರಿಸಿದ ಮೇಲೂ ಕೊಡದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಅದೇ ಕಲಮಿನಲ್ಲಿ ಅವಕಾಶವಿದೆ.