ಬಿದ್ದ ನೀರಿನ ಬಿಸಿ

ಗೊಡಚಿನಮಲ್ಕಿ ಜಲಪಾತಕ್ಕೆ ಹೊರಟಾಗ ರೊಟ್ಟಿಯ ಬುತ್ತಿಯ ಜೊತೆಗೆ ಜ್ವರ ನೋಡುವ ಥರ್ಮಾಮೀಟರನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಮನೆಯವರೆಲ್ಲ ನಕ್ಕರು. ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಅದರ ಅಳತೆ ಶುರುವಾಗುವುದೇ 35 ಡಿಗ್ರಿ ಸೆಲ್ಸಿಯಸ್‌ನಿಂದ. ಶ್ರಾವಣದ ಮಾರ್ಕಂಡೇಯ ನದಿಗೆ ಅಷ್ಟು ಜ್ವರ ಎಲ್ಲಿಂದ ಬರಬೇಕು?

ಗೋಕಾಕದಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ, ಕಾಡು ಮುಚ್ಚಿದ ಕಣಿವೆಯೊಳಗೆ ಮಾರ್ಕಂಡೇಯ ನದಿ ಎರಡು ಸಲ ಧುಮುಕುತ್ತದೆ. ಮೊದಲು ಸುಮಾರು 25 ಮೀಟರ್. ಬಂಡೆಗಳ ನಡುವೆ ಸ್ವಲ್ಪ ದೂರ ಹರಿದು ಮತ್ತೆ ಸುಮಾರು 18 ಮೀಟರ್. ಮಳೆಗಾಲದ ನೀರು ಥೇಟ್ ಹಾಲು ಹಾಕಿದ ಚಹಾದ ಬಣ್ಣ.

ಎತ್ತರದಿಂದ ಬಿದ್ದ ನೀರಿನ ವೇಗವೆಲ್ಲ ತಳದಲ್ಲಿ ಕಲಕಿ, ಕುದಿದು, ಕಡೆಗೆ ಶಾಖವಾಗಬೇಕು. ಹಾಗಾದರೆ ಕೆಳಗಿನ ನೀರು ಮೇಲಿನದಕ್ಕಿಂತ ಬೆಚ್ಚಗಿರಬೇಕಲ್ಲ? ಹೀಗೆ ಯೋಚಿಸಿದವರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಜೂಲ್ ದೊಡ್ಡವನು. 160 ಅಡಿ ಬೀಳುವ ನಯಾಗರದ ನೀರು ಒಂದು ಫ್ಯಾರನ್‌ಹೀಟ್ ಡಿಗ್ರಿಯ ಐದನೇ ಒಂದು ಭಾಗದಷ್ಟು ಬಿಸಿಯಾಗಬೇಕೆಂದು ಅವನು 1845ರಲ್ಲೇ ಲೆಕ್ಕ ಹಾಕಿದ್ದ. 1847ರಲ್ಲಿ ಮದುವೆಯಾಗಿ ಹೆಂಡತಿಯೊಡನೆ ಆಲ್ಪ್ಸ್ ಪರ್ವತಕ್ಕೆ ಹೋದವನು ಅಲ್ಲಿಯೂ ಜಲಪಾತದ ಬಿಸಿ ಅಳೆಯಲು ಹೊರಟ. ಆದರೆ ನೀರು ಕೆಳಗೆ ಬರುವಷ್ಟರಲ್ಲಿ ತುಂತುರಾಗಿ ಚೆದುರುತ್ತಿತ್ತು, ಅಳತೆ ಕೈಗೂಡಲಿಲ್ಲ. ಆ ಹೆಣ್ಣುಮಗಳು ಏನೆಂದುಕೊಂಡಳೋ.

ನಮ್ಮ 43 ಮೀಟರಿಗೆ ಲೆಕ್ಕ ಸುಲಭ. ಒಂದು ಗ್ರಾಂ ನೀರು ಅಷ್ಟು ಇಳಿದರೆ ಸಿಗುವ ಶಕ್ತಿ 0.42 ಜೂಲ್ (ಶಕ್ತಿಯ ಅಳತೆಗೂ ಅವನದೇ ಹೆಸರು). ಅದರಿಂದ ಏರುವ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್‌ನ ಹತ್ತನೇ ಒಂದು ಭಾಗ, ಅಷ್ಟೇ. ಅದೂ ಕೈಗೆ ಹತ್ತುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,450 ಜೂಲ್ ಬೇಕು. ಅಂದರೆ ಆರು ಸಾವಿರ ಹನಿಗಳಲ್ಲಿ ಒಂದೇ ಒಂದು ಆವಿಯಾದರೂ ಬಿದ್ದು ಗಳಿಸಿದ ಬಿಸಿಯೆಲ್ಲ ಸೋರಿಹೋದಂತೆ. ತುಂತುರಿನೊಳಗೆ ನಿಂತು ನಾವು ನಡುಗಿದ್ದು ಇದೇ ಕಾರಣಕ್ಕೆ: ಜಲಪಾತ ತಾನೇ ಎಬ್ಬಿಸುವ ಗಾಳಿ ಮೈಮೇಲಿನ ಹನಿಗಳನ್ನು ಆರಿಸುತ್ತಿತ್ತು. ಸುತ್ತಲಿನ ಮರಗಳೂ ಸುಮ್ಮನಿರುವುದಿಲ್ಲ. ಎಲೆಗಳು ಬೆವರಿ ನೆರಳನ್ನು ಇನ್ನಷ್ಟು ತಂಪಾಗಿಸುತ್ತವೆ.

ಶಕ್ತಿಯಲ್ಲಿ ಅತಿ ಚಿಕ್ಕ ಪಾಲು ಸದ್ದಾಗುತ್ತದೆ. ಆ ಮೊರೆತದ ಬಹುಪಾಲು ನೀರು ಬಂಡೆಗೆ ಬಡಿದದ್ದಲ್ಲ, ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಹಿಗ್ಗಿ ಕುಗ್ಗಿ ನುಡಿಯುವುದು. ಸಣ್ಣ ಗುಳ್ಳೆಯದು ಕೀರಲು ಸ್ವರ, ದೊಡ್ಡದರದು ದಪ್ಪ ಸ್ವರ.

ಮರಳುವಾಗ ಗೋಕಾಕ ಫಾಲ್ಸ್‌ನಲ್ಲಿ ಇಳಿದೆವು. ಅಲ್ಲಿ ಘಟಪ್ರಭೆ ಬೀಳುವುದು 52 ಮೀಟರ್, ಜೂಲನ ನಯಾಗರಕ್ಕಿಂತ ಹತ್ತು ಅಡಿ ಹೆಚ್ಚು. ಇಲ್ಲಿನ ಹತ್ತಿ ಗಿರಣಿ ನದಿಯ ಈ ಬಲವನ್ನು ಹತ್ತೊಂಬತ್ತನೇ ಶತಮಾನದಲ್ಲೇ ದುಡಿಸಿಕೊಂಡಿತು. ಕೊಳವೆಯಲ್ಲಿ ಇಳಿದು ಟರ್ಬೈನ್ ತಿರುಗಿಸಿದ ನೀರು ತಳದಲ್ಲಿ ಬಿಸಿಯಾಗಿ ವ್ಯರ್ಥವಾಗಬೇಕಿದ್ದ ಶಕ್ತಿಯ ಬಹುಪಾಲನ್ನು ಗಿರಣಿಗೆ ಒಪ್ಪಿಸಿ ತಣ್ಣಗೆ ನದಿಗೆ ಮರಳುತ್ತದೆ. ನಷ್ಟ ಒಂದಿಷ್ಟೂ ಇಲ್ಲವೆಂದುಕೊಂಡರೂ, ಈ ಎತ್ತರದಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಏಳು ಸಾವಿರ ಲೀಟರ್ ನೀರು ಬೀಳಬೇಕು.

ಕರದಂಟು ಕಟ್ಟಿಸಿಕೊಳ್ಳುವಾಗ ನೆನಪಾಯಿತು: ಮನೆಯಲ್ಲಿ ಫ್ಯಾನ್ ಆರಿಸದೆ ಬಂದಿದ್ದೆವು. 75 ವಾಟ್, ಹತ್ತು ಗಂಟೆ. ಐದು ಸಾವಿರ ಲೀಟರಿಗೂ ಹೆಚ್ಚು ಘಟಪ್ರಭೆ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುತ್ತಿತ್ತು.